ನೆರೆಯವರ ಆತಂಕ ಕಟ್ಟುಕಥೆಯಲ್ಲ

ಪುಟಿನ್ ದೂರದೃಷ್ಟಿಯ ನಾಯಕ, ಉಕ್ರೇನಿನ ಆಚೆಗೂ ಅವರ ಸೇನೆ ನುಗ್ಗೀತೆಂಬುದು ಪಶ್ಚಿಮದ ಕಟ್ಟುಕಥೆ ಎಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ಇದನ್ನು ಒಪ್ಪಲಾಗದು.

1994ರಲ್ಲಿ ಬುಡಾಪೆಸ್ಟ್‌ನಲ್ಲಿ ಉಕ್ರೇನಿನ ಗಡಿಯನ್ನು ಗೌರವಿಸುವುದಾಗಿ ರಷ್ಯಾ ಸಹಿ ಹಾಕಿತ್ತು. ಆ ಮಾತು ನಂಬಿ ಉಕ್ರೇನ್ ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಟ್ಟಿತು. 2008ರಲ್ಲಿ ರಷ್ಯಾದ ಸೇನೆ ಜಾರ್ಜಿಯಾಕ್ಕೆ ನುಗ್ಗಿತು. 2014ರಲ್ಲಿ ಉಕ್ರೇನಿನ ಕ್ರಿಮಿಯಾವನ್ನು ಕಬಳಿಸಿತು. 2022ರ ದಾಳಿಯ ಮುನ್ಸೂಚನೆಯನ್ನೂ ಮಾಸ್ಕೋ ಬರೀ ಉನ್ಮಾದವೆಂದು ತಳ್ಳಿಹಾಕಿತ್ತು. ಫೆಬ್ರವರಿ 24ರಂದು ಟ್ಯಾಂಕುಗಳು ಗಡಿ ದಾಟಿದವು. ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಗಳು ಖಾರ್ಕೀವ್‌ನ ನೆಲಮಾಳಿಗೆಗಳಲ್ಲಿ ಜೀವ ಕೈಯಲ್ಲಿ ಹಿಡಿದು ಕೂತದ್ದನ್ನು ನಾವು ಮರೆಯಬಾರದು.

ನ್ಯಾಟೊ ವಿಸ್ತರಣೆಯೇ ಯುದ್ಧಕ್ಕೆ ಕಾರಣವೆನ್ನುವ ಲೇಖಕರು ಒಂದು ಪ್ರಶ್ನೆಗೆ ಉತ್ತರಿಸಲಿ. ರಷ್ಯಾದೊಂದಿಗೆ 1,300 ಕಿ.ಮೀ.ಗೂ ಹೆಚ್ಚು ಉದ್ದದ ಗಡಿಯುಳ್ಳ ಫಿನ್ಲೆಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ನ್ಯಾಟೊ ಸೇರಿದ್ದು ಯಾರ ಭಯದಿಂದ? ಯಾವುದನ್ನು ತಡೆಯಹೊರಟರೋ ಅದನ್ನೇ ಮನೆಬಾಗಿಲಿಗೆ ತಂದುಕೊಂಡ ನಾಯಕತ್ವವನ್ನು ದೂರದೃಷ್ಟಿ ಎಂದು ಹೊಗಳುವುದು ಹೇಗೆ?

ನಾಳೆಯೇ ಬಾಲ್ಟಿಕ್ ದೇಶಗಳ ಮೇಲೆ ದಾಳಿಯಾಗುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಕೊಟ್ಟ ಮಾತು ಮುರಿದು ಮತ್ತೆ ಮತ್ತೆ ಗಡಿ ದಾಟಿದ ದೇಶದ ಪಕ್ಕದಲ್ಲಿ ಬದುಕುವವರ ಆತಂಕವನ್ನು ಕಟ್ಟುಕಥೆ ಎನ್ನುವ ಹಕ್ಕು ನಮಗಿಲ್ಲ.