ಆನೆ ಮಾರಿದರು, ಅಂಕುಶ ಕೊಡಲಿಲ್ಲ

‘ಜಗತ್ತಿನ ಅತ್ಯುತ್ತಮ ಯುದ್ಧವಿಮಾನ ಬೇಕೆಂದರೆ ನಾಲ್ಕು ಕಾಸು ಜಾಸ್ತಿ ಆಗುತ್ತದೆ, ಅದಕ್ಕೇಕೆ ಇಷ್ಟೊಂದು ರಂಪ?’ ಸ್ವಿಟ್ಜರ್ಲೆಂಡಿನ ಎಫ್-35 ಖರೀದಿಯ ಸುದ್ದಿ ಬಂದಾಗಲೆಲ್ಲ ಈ ಮಾತು ಕೇಳಿಬರುತ್ತದೆ. ಇದನ್ನು ಆಡುವವರಿಗೆ ಕಿಂಚಿತ್ತಾದರೂ ಸಂಕೋಚ ಇರಬೇಕಿತ್ತು. ಬೆಲೆ ನಿಗದಿಯಾಗಿದೆ, ಏರುವ ಪ್ರಶ್ನೆಯೇ ಇಲ್ಲ ಎಂದು ಒಂದು ಸರ್ಕಾರ ತನ್ನ ಸಂಸತ್ತಿಗೂ ಜನರಿಗೂ ವರ್ಷಗಟ್ಟಲೆ ಹೇಳಿಕೊಂಡು ಬಂತು. 2025ರ ಜೂನ್‌ನಲ್ಲಿ ಅದೇ ಸರ್ಕಾರ ಪತ್ರಕರ್ತರನ್ನು ಕರೆದು, ಅಮೆರಿಕ 65 ಕೋಟಿಯಿಂದ 130 ಕೋಟಿ ಡಾಲರ್‌ವರೆಗೆ ಹೆಚ್ಚುವರಿ ಕೇಳುತ್ತಿದೆ ಎಂದಿತು. ನಿಗದಿಯಾದ ಬೆಲೆ ಏನಾಯಿತು ಎಂದರೆ, ಅದು ನಿಮ್ಮ ತಪ್ಪು ತಿಳಿವಳಿಕೆ ಎಂಬುದು ವಾಷಿಂಗ್ಟನ್ನಿನ ಉತ್ತರ. ಇದು ನಾಲ್ಕು ಕಾಸಿನ ವಿಷಯವೇ?

ಸ್ವಿಸ್ ಮತದಾರರು ಯುದ್ಧವಿಮಾನದ ವಿಚಾರದಲ್ಲಿ ಅಮಾಯಕರೇನೂ ಅಲ್ಲ. 2014ರ ಫೆಬ್ರುವರಿಯಲ್ಲಿ ಇಥಿಯೋಪಿಯನ್ ಏರ್‌ಲೈನ್ಸ್‌ನ ವಿಮಾನವೊಂದನ್ನು ಅದರ ಸಹ ಪೈಲಟ್ಟೇ ಅಪಹರಿಸಿ, ಬೆಳಗಿನ ಜಾವ ಜಿನೀವಾಕ್ಕೆ ತಂದು ಇಳಿಸಿದ್ದ. ಜೊತೆಯಲ್ಲಿ ಹಾರಿ ಬಂದದ್ದು ಇಟಲಿಯ ಮತ್ತು ಫ್ರಾನ್ಸಿನ ಯುದ್ಧವಿಮಾನಗಳು. ಸ್ವಿಸ್ ವಾಯುಪಡೆ ಆಗ ಕಚೇರಿ ವೇಳೆಯಲ್ಲಿ ಮಾತ್ರ ಸಜ್ಜಾಗಿರುತ್ತಿತ್ತು. ಬೆಳಿಗ್ಗೆ ಎಂಟು ಗಂಟೆಗೆ ಮೊದಲು ಅದರ ಯುದ್ಧವಿಮಾನಗಳಾದ ಹಾರ್ನೆಟ್‌ಗಳು ಮೇಲೇಳುವಂತಿರಲಿಲ್ಲ. ಇಡೀ ಯುರೋಪು ನಕ್ಕಿತು. ಅಷ್ಟಾಗಿಯೂ ಮೂರೇ ತಿಂಗಳಲ್ಲಿ ನಡೆದ ಜನಮತಗಣನೆಯಲ್ಲಿ, ಸ್ವೀಡನ್ನಿನ 22 ಗ್ರಿಪೆನ್ ಯುದ್ಧವಿಮಾನ ಕೊಳ್ಳುವ ಪ್ರಸ್ತಾವವನ್ನು ಶೇ 53.4ರಷ್ಟು ಮತದಾರರು ತಿರಸ್ಕರಿಸಿದರು. ಅವರಿಗೆ ಗೊತ್ತಿತ್ತು: ಬೆಳಗಿನ ಜಾವ ಕೊರತೆ ಇದ್ದದ್ದು ವಿಮಾನಗಳದ್ದಲ್ಲ, ಪಾಳಿಯಲ್ಲಿ ಕೆಲಸ ಮಾಡುವ ಸಿಬ್ಬಂದಿಯದ್ದು. ಮುಂದೆ 2020ರ ಕೊನೆಯ ಹೊತ್ತಿಗೆ ಅದೇ ಹಳೆಯ ಹಾರ್ನೆಟ್‌ಗಳನ್ನು ಇಟ್ಟುಕೊಂಡೇ ದಿನದ 24 ಗಂಟೆಯ ಕಾವಲು ಶುರುವಾಯಿತು.

ಗ್ರಿಪೆನ್ ಸೋಲಿನಿಂದ ರಾಜಧಾನಿ ಬರ್ನ್‌ನ ಅಧಿಕಾರಿಗಳು ಕಲಿತದ್ದು ಒಂದೇ ಪಾಠ. ವಿಮಾನದ ಹೆಸರನ್ನು ಮತಪತ್ರದಲ್ಲಿ ಹಾಕಬಾರದು. 2020ರ ಸೆಪ್ಟೆಂಬರ್ 27ರಂದು ಜನರನ್ನು ಕೇಳಿದ್ದು ಇಷ್ಟು: ಹೊಸ ಯುದ್ಧವಿಮಾನಗಳಿಗೆ 600 ಕೋಟಿ ಫ್ರಾಂಕ್‌ವರೆಗೆ ಖರ್ಚು ಮಾಡಬಹುದೇ? ಯಾವ ವಿಮಾನ, ಎಷ್ಟು, ಯಾರಿಂದ ಎಂಬುದನ್ನೆಲ್ಲ ತಜ್ಞರು ನೋಡಿಕೊಳ್ಳುತ್ತಾರಂತೆ. ಶೇ 50.1ರಷ್ಟು ಮಂದಿ ಹೌದೆಂದರು. ಇಡೀ ದೇಶದಲ್ಲಿ ಅಂತರ ಒಂಬತ್ತು ಸಾವಿರ ಮತಗಳನ್ನೂ ಮುಟ್ಟಲಿಲ್ಲ. ಅಂದು ಮತಪತ್ರದಲ್ಲಿ ಎಫ್-35 ಎಂದು ಅಚ್ಚಾಗಿದ್ದರೆ ಆ ಕೂದಲೆಳೆಯ ಗೆಲುವು ಉಳಿಯುತ್ತಿತ್ತು ಎಂದು ಎದೆ ಮುಟ್ಟಿಕೊಂಡು ಹೇಳುವವರು ಯಾರಿದ್ದಾರೆ?

ಒಂಬತ್ತು ತಿಂಗಳ ನಂತರ ಸರ್ಕಾರ 36 ಎಫ್-35ಎ ವಿಮಾನಗಳನ್ನು ಆರಿಸಿತು. ರಫಾಲ್, ಯೂರೋಫೈಟರ್, ಸೂಪರ್ ಹಾರ್ನೆಟ್ ಮೂರನ್ನೂ ಅದು ಭಾರೀ ಅಂತರದಲ್ಲಿ ಸೋಲಿಸಿತಂತೆ. ತಾಂತ್ರಿಕವಾಗಿ ಗೆದ್ದರೆ ಗೆಲ್ಲಲಿ, ಆ ವಿಮಾನದ ಕಣ್ಣು ಕಿವಿ ಚುರುಕಾಗಿರುವುದು ನಿಜ. ನನ್ನ ತಕರಾರು ಇರುವುದು ಎರಡನೆಯ ಘೋಷಣೆಯ ಬಗ್ಗೆ. ಮೂವತ್ತು ವರ್ಷಗಳಲ್ಲಿ ಕೊಳ್ಳುವ ಮತ್ತು ಹಾರಿಸುವ ಒಟ್ಟು ವೆಚ್ಚ 1,550 ಕೋಟಿ ಫ್ರಾಂಕ್, ಎರಡನೆಯ ಸ್ಥಾನದಲ್ಲಿದ್ದ ವಿಮಾನಕ್ಕಿಂತ 200 ಕೋಟಿ ಅಗ್ಗ ಎಂದು ಲೆಕ್ಕ ತೋರಿಸಿದರು. ಆ 1,550 ಕೋಟಿಯಲ್ಲಿ ಖರೀದಿಯ ಪಾಲು ಸುಮಾರು 507 ಕೋಟಿ. ಅಂದರೆ ಪ್ರತಿ ಮೂರು ಫ್ರಾಂಕಿನಲ್ಲಿ ಒಂದು ಫ್ರಾಂಕ್ ವಿಮಾನಕ್ಕೆ, ಎರಡು ಫ್ರಾಂಕ್ ವಿಮಾನ ಬಂದ ಮೇಲಿನ ಖರ್ಚಿಗೆ. ಬಿಡಿಭಾಗ, ಎಂಜಿನ್ ರಿಪೇರಿ, ಸಾಫ್ಟ್‌ವೇರ್, ತರಬೇತಿ, ಇಂಧನ ಎಲ್ಲ ಅದರಲ್ಲೇ. ಸಿಮ್ಯುಲೇಟರ್‌ನಲ್ಲಿ ಹೆಚ್ಚು ಅಭ್ಯಾಸ ಮಾಡಿಸಿ ಬೇರೆ ವಿಮಾನಗಳಿಗಿಂತ ಶೇ 20ರಷ್ಟು ಕಡಿಮೆ ಹಾರಿಸುತ್ತೇವೆ ಎಂಬ ಊಹೆಯೂ ಅದರೊಳಗೇ ಇದೆ. ಕಡಿಮೆ ಹಾರಿಸಿದರೆ ಯಾವ ವಿಮಾನವಾದರೂ ಅಗ್ಗವೇ.

ಈ ಮೂರರಲ್ಲಿ ಎರಡು ಎಂಬ ಲೆಕ್ಕವನ್ನು ಮರೆಯಬೇಡಿ. ಕಾಗದದ ಮೇಲೆ ಬರೆದು, ಸಹಿ ಹಾಕಿ, ಸಂಸತ್ತಿನ ಮುಂದೆ ಇಟ್ಟ ಮೊದಲ ಫ್ರಾಂಕಿನ ಭರವಸೆಯೇ ನಿಲ್ಲಲಿಲ್ಲ. ಉಳಿದೆರಡು ಫ್ರಾಂಕ್ ಮೂವತ್ತು ವರ್ಷ ಅಲುಗದೆ ನಿಲ್ಲುತ್ತವೆ ಎಂದು ನಂಬಬೇಕೇ? ಮೊದಲ ವಿಮಾನ ಕೈಗೆ ಬರುವ ಮೊದಲೇ ಆ ಹೆಮ್ಮೆಯ 200 ಕೋಟಿ ಉಳಿತಾಯದ ಅರ್ಧದಷ್ಟನ್ನು ಈ ಹೊಸ ಬೇಡಿಕೆ ನುಂಗುವ ಸ್ಥಿತಿ ಬಂದಿದೆ.

ಎಚ್ಚರಿಸಿದವರು ಇರಲಿಲ್ಲವೇ? ಇದ್ದರು. 2022ರ ಬೇಸಿಗೆಯಲ್ಲಿ ಸ್ವಿಸ್ ಒಕ್ಕೂಟದ ಲೆಕ್ಕಪರಿಶೋಧನಾ ಕಚೇರಿಯೇ, ಈ ಬೆಲೆ ನಿಗದಿಯಾಗಿದೆ ಎಂಬುದಕ್ಕೆ ಕಾನೂನಿನ ಖಾತ್ರಿ ಸಾಲದು ಎಂದು ವರದಿ ಕೊಟ್ಟಿತು. ರಕ್ಷಣಾ ಇಲಾಖೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ವಕೀಲರ ಅಭಿಪ್ರಾಯ ತಂದು ಮುಂದಿಟ್ಟಿತು. ಅದೇ ಆಗಸ್ಟ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿ, ಎಫ್-35 ಬೇಡವೆಂಬ ಪ್ರಸ್ತಾವವನ್ನು ನಾಗರಿಕರು ಸಲ್ಲಿಸಿದರು. ಸಂವಿಧಾನದ ಪ್ರಕಾರ ಅದು ಜನರ ಮುಂದೆ ಹೋಗಬೇಕಿತ್ತು. ಆಗ ರಕ್ಷಣಾ ಸಚಿವೆಯಾಗಿದ್ದವರು ವಿಯೋಲಾ ಆಮ್ಹೆರ್ಡ್. ಅಮೆರಿಕದ ಕೊಡುಗೆ 2023ರ ಮಾರ್ಚ್‌ವರೆಗೆ ಮಾತ್ರ, ತಡಮಾಡಿದರೆ ಬೆಲೆ ಏರುತ್ತದೆ ಎಂಬ ಅವಸರ ಹುಟ್ಟಿಸಿ ಸೆಪ್ಟೆಂಬರ್ 19ರಂದು ಒಪ್ಪಂದಕ್ಕೆ ಸಹಿ ಹಾಕಿಸಿದರು. ಸಹಿ ಬಿದ್ದ ಮೇಲೆ ಮತ ಹಾಕಿ ಏನು ಪ್ರಯೋಜನ? ಪ್ರಸ್ತಾವ ಹಿಂದಕ್ಕೆ ಹೋಯಿತು. ಏರಬಾರದೆಂದು ಅವಸರ ಮಾಡಿದ ಬೆಲೆ ಹೇಗೂ ಏರಿತು.

ಅಮೆರಿಕ ತನ್ನ ವಿದೇಶಿ ಸೇನಾ ಮಾರಾಟ ಪದ್ಧತಿಯನ್ನು ಯಾರಿಂದಲೂ ಬಚ್ಚಿಟ್ಟಿಲ್ಲ. ಆ ಪದ್ಧತಿಯಲ್ಲಿ ಮಾರುವುದು ಕಂಪನಿಯಲ್ಲ, ಅಮೆರಿಕ ಸರ್ಕಾರ. ಅದು ಲಾಕ್‌ಹೀಡ್ ಮಾರ್ಟಿನ್‌ನಿಂದ ಕೊಂಡು ಮಿತ್ರದೇಶಕ್ಕೆ ದಾಟಿಸುತ್ತದೆ. ಲಾಭವೂ ಬೇಡ, ನಷ್ಟವೂ ಬೇಡ ಎಂಬ ನಿಯಮ. ಆದ್ದರಿಂದ ಪತ್ರದಲ್ಲಿ ಬರೆಯುವ ಮೊತ್ತ ಅಂದಾಜು. ಕೊನೆಗೆ ಆದ ಖರ್ಚನ್ನು ಕೊಳ್ಳುವವನೇ ಭರಿಸಬೇಕು. ಇದು ದಶಕಗಳಿಂದ ನಡೆದುಬಂದ ವ್ಯವಹಾರ. ಬ್ಯಾಂಕುಗಳ ದೇಶವೆಂದು ಹೆಸರಾದ ಸ್ವಿಟ್ಜರ್ಲೆಂಡಿನ ಅಧಿಕಾರಿಗಳಿಗೆ ಒಪ್ಪಂದ ಓದಲು ಬರುವುದಿಲ್ಲ ಎಂದು ನಾನು ನಂಬುವುದಿಲ್ಲ. ಓದಿದರು, ಅರ್ಥವೂ ಆಯಿತು, ಆದರೆ ಜನರಿಗೆ ಹೇಳುವ ಧೈರ್ಯವಾಗಲಿಲ್ಲ.

ಇದೇ ದೇಶ ಇದೇ ಗುಂಡಿಗೆ ಒಮ್ಮೆ ಬಿದ್ದೆದ್ದಿದೆ ಎಂಬುದು ಇನ್ನಷ್ಟು ಸಿಟ್ಟು ತರಿಸುತ್ತದೆ. 1961ರಲ್ಲಿ ನೂರು ಮಿರಾಜ್ ವಿಮಾನಗಳಿಗೆ ಸ್ವಿಸ್ ಸಂಸತ್ತು 87.1 ಕೋಟಿ ಫ್ರಾಂಕ್ ಮಂಜೂರು ಮಾಡಿತು. ಫ್ರೆಂಚ್ ವಿಮಾನಕ್ಕೆ ಅಮೆರಿಕದ ರೇಡಾರ್ ಜೋಡಿಸಿ, ಬೆಟ್ಟಗಳ ನಡುವಿನ ಹಾರಾಟಕ್ಕೆ ಹೊಂದುವಂತೆ ಇನ್ನೂ ಏನೇನೋ ಬದಲಾಯಿಸುತ್ತ ಹೋದರು. 1964ರಲ್ಲಿ ಇನ್ನೂ 57.6 ಕೋಟಿ ಬೇಕೆಂದು ಕೈಯೊಡ್ಡಿದರು. ಸಂಸತ್ತು ಕೆರಳಿ ತನಿಖಾ ಸಮಿತಿ ನೇಮಿಸಿತು. ವಾಯುಪಡೆಯ ಮುಖ್ಯಸ್ಥರನ್ನು ಹುದ್ದೆಯಿಂದ ಇಳಿಸಿದರು, ಸಚಿವ ಪೌಲ್ ಶೋಡೆ ಮುಂದೆ ರಾಜೀನಾಮೆ ಕೊಟ್ಟು ಹೊರಟರು. ನೂರು ವಿಮಾನಗಳ ಜಾಗದಲ್ಲಿ ಬಂದದ್ದು 57. ಅರವತ್ತು ವರ್ಷಗಳ ಹಿಂದಿನ ಆ ಸಂಸತ್ತಿಗೆ ಬೆನ್ನುಮೂಳೆ ಇತ್ತು. ಈಗ ಲೆಕ್ಕಪರಿಶೋಧಕರೇ ಮೊದಲು ಕೂಗಿ ಹೇಳಿದರೂ ಒಬ್ಬರ ಕುರ್ಚಿಯೂ ಅಲುಗಿಲ್ಲ.

ಬೆಲೆಯ ಜಗಳ ಹೇಗೋ ಮುಗಿಯುತ್ತದೆ ಎಂದುಕೊಳ್ಳಿ. ಆಮೇಲೆ? ಎಫ್-35ರ ಬಿಡಿಭಾಗಗಳು ಎಲ್ಲ ದೇಶಗಳಿಗೂ ಸೇರಿದ ಒಂದೇ ದಾಸ್ತಾನಿನಿಂದ ಬರುತ್ತವೆ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ಸರದಿಯಲ್ಲಿ ಕೊನೆಯ ಮಾತು ಅಮೆರಿಕದ್ದು. ಯಾವ ರೇಡಾರ್ ಶತ್ರುವಿನದು, ಯಾವ ಕ್ಷಿಪಣಿ ಎಲ್ಲಿಂದ ಬರುತ್ತದೆ ಎಂದು ವಿಮಾನಕ್ಕೆ ಹೇಳಿಕೊಡುವ ದತ್ತಾಂಶ ತಯಾರಾಗುವ ಮುಖ್ಯ ಕೇಂದ್ರ ಫ್ಲಾರಿಡಾದ ಎಗ್ಲಿನ್ ವಾಯುನೆಲೆ. ಆನೆ ಮಾರಿದವನು ಅಂಕುಶವನ್ನು ತನ್ನ ಸೊಂಟದಲ್ಲೇ ಸಿಕ್ಕಿಸಿಕೊಂಡು ಹೋದಂತೆ. ತಟಸ್ಥ ನೀತಿಯನ್ನು ದೇಶದ ಗುರುತಾಗಿ ಮಾಡಿಕೊಂಡವರು ಇದನ್ನು ಹೇಗೆ ಒಪ್ಪಿದರು? 2025ರ ಮಾರ್ಚ್‌ನಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಉಕ್ರೇನ್‌ಗೆ ಕೊಡುತ್ತಿದ್ದ ಗುಪ್ತಚರ ಮಾಹಿತಿಯನ್ನು ವಾಷಿಂಗ್ಟನ್ ಕೆಲವು ದಿನ ನಿಲ್ಲಿಸಿತು. ಒಂದು ಗುಂಡಿ ಒತ್ತಿ ವಿಮಾನವನ್ನು ನೆಲಕ್ಕಿಳಿಸಬಹುದೇ ಎಂದು ಯುರೋಪಿನಲ್ಲಿ ಅಂದಿನಿಂದ ಚರ್ಚೆ ನಡೆದಿದೆ. ಅಂಥ ಗುಂಡಿಯೇ ಬೇಕಿಲ್ಲ. ಬಿಡಿಭಾಗದ ಪೆಟ್ಟಿಗೆ ಆರು ತಿಂಗಳು ತಡವಾದರೆ ಸಾಕು.

ವಿಮಾನ ಮಾಡಿದವರ ಮನೆಯಲ್ಲೇ ಅದರ ಪಾಡು ನೋಡಿ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಹೇಳಿದ ಪ್ರಕಾರ, 2023ರ ಮಾರ್ಚ್‌ನಲ್ಲಿ ಅಲ್ಲಿಯ ಎಫ್-35ಗಳಲ್ಲಿ ಕಾರ್ಯಾಚರಣೆಗೆ ಸಿದ್ಧವಾಗಿದ್ದವು ಶೇ 55ರಷ್ಟು. ಅವುಗಳ ಜೀವಿತಾವಧಿಯ ನಿರ್ವಹಣೆಯ ಅಂದಾಜು 2018ರಲ್ಲಿ 1.1 ಲಕ್ಷ ಕೋಟಿ ಡಾಲರ್ ಇದ್ದದ್ದು, ಐದು ವರ್ಷಗಳಲ್ಲಿ 1.58 ಲಕ್ಷ ಕೋಟಿಗೆ ಏರಿತು. ಇಷ್ಟು ಹಣ ಸುರಿಯುವ ಯಜಮಾನನಿಗೇ ಈ ಗತಿಯಾದರೆ, 36 ವಿಮಾನಗಳ ಗಿರಾಕಿಗೆ ಸರದಿಯಲ್ಲಿ ಎಲ್ಲಿ ಜಾಗ ಸಿಕ್ಕೀತು?

ನಮ್ಮ ಪಕ್ಕದ ಕೇರಳದಲ್ಲೇ ಇದನ್ನು ಕಣ್ಣಾರೆ ಕಂಡೆವು. 2025ರ ಜೂನ್ 14ರಂದು ಬ್ರಿಟನ್ನಿನ ಎಫ್-35ಬಿ ತಿರುವನಂತಪುರದಲ್ಲಿ ಇಳಿಯಿತು. ಹೊರಡಬೇಕು ಎನ್ನುವಾಗ ಹೈಡ್ರಾಲಿಕ್ ವ್ಯವಸ್ಥೆ ಕೈಕೊಟ್ಟಿತು. ಮುಂಗಾರು ಮಳೆ ಸುರಿಯುತ್ತಿತ್ತು. ವಿಮಾನ ಬಯಲಲ್ಲೇ ನೆನೆಯುತ್ತ ನಿಂತಿತು, ಸುತ್ತ ಸಿಐಎಸ್‌ಎಫ್ ಕಾವಲು. ಹ್ಯಾಂಗರ್‌ಗೆ ತಳ್ಳಲೂ ಮೊದಮೊದಲು ಒಪ್ಪಿಗೆ ಸಿಗಲಿಲ್ಲ. ಜುಲೈ ಮೊದಲ ವಾರ ದಾಟುವಾಗ ಬ್ರಿಟನ್ನಿನಿಂದ ತಂತ್ರಜ್ಞರ ತಂಡ, ಸಲಕರಣೆಗಳ ಸಮೇತ ಸರಕು ವಿಮಾನದಲ್ಲಿ ಬಂತು. ಅದು ಮತ್ತೆ ಹಾರಿದ್ದು ಜುಲೈ 22ಕ್ಕೆ. ಎಫ್-35 ಯೋಜನೆಯಲ್ಲಿ ಮೊದಲ ದರ್ಜೆಯ ಪಾಲುದಾರ ಎನಿಸಿಕೊಂಡ ಒಂದೇ ದೇಶ ಬ್ರಿಟನ್. ಅದರ ವಿಮಾನವೇ ಒಂದು ದೋಷಕ್ಕೆ ಐದು ವಾರ ಕೂತಿತು. ಕೇರಳದವರು ತಮಾಷೆ ಮಾಡಿ ಮರೆತರು. ಎಫ್-35 ಕೊಳ್ಳಲು ಹೊರಟ ಪ್ರತಿ ಸಣ್ಣ ದೇಶದ ಸಂಸತ್ತೂ ಕೂತು ಚರ್ಚಿಸಬೇಕಾದ ಪ್ರಸಂಗ ಅದು.

ದೋಷ ಅಮೆರಿಕದ್ದೊಂದೇ ಎಂದು ಯಾರೂ ಭಾವಿಸಬೇಕಿಲ್ಲ. 2018ರಲ್ಲಿ ಮಲೇಷ್ಯಾದ ರಕ್ಷಣಾ ಸಚಿವ ಮಹಮ್ಮದ್ ಸಾಬು ತಮ್ಮ ಸಂಸತ್ತಿನಲ್ಲೇ ಹೇಳಿದರು: ರಷ್ಯಾದಿಂದ ತಂದ 28 ಯುದ್ಧವಿಮಾನಗಳಲ್ಲಿ ಹಾರುವ ಸ್ಥಿತಿಯಲ್ಲಿರುವುದು ನಾಲ್ಕು. ಇನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್ ಈಕ್ವೆಡಾರ್‌ಗೆ ಏಳು ಧ್ರುವ ಹೆಲಿಕಾಪ್ಟರ್ ಮಾರಿತು; ನಾಲ್ಕು ಬಿದ್ದವು. ಕೆಲವು ಅಪಘಾತಗಳಿಗೆ ಪೈಲಟ್‌ಗಳ ತಪ್ಪೇ ಕಾರಣ ಎಂದು ನಮ್ಮವರು ವಾದಿಸಿದರು. ಬಿಡಿಭಾಗಗಳೇ ಸರಿಯಾಗಿ ಬರುತ್ತಿಲ್ಲ ಎಂಬ ಈಕ್ವೆಡಾರಿನ ದೂರಿಗೆ ಆ ವಾದ ಉತ್ತರವಾಗಲಿಲ್ಲ. 2015ರಲ್ಲಿ ಈಕ್ವೆಡಾರ್ ಒಪ್ಪಂದ ರದ್ದು ಮಾಡಿತು. ದಕ್ಷಿಣ ಅಮೆರಿಕದ ಒಂದು ಬಡ ದೇಶ ನಮ್ಮನ್ನು ನಂಬಿ ಕೆಟ್ಟಿತಲ್ಲ ಎಂಬ ನೋವು ನಮ್ಮಲ್ಲಿ ಎಷ್ಟು ಜನರಿಗಿದೆ?

ಯಲಹಂಕದಲ್ಲಿ ಏರೋ ಇಂಡಿಯಾ ಬಂದರೆ ಬಳ್ಳಾರಿ ರಸ್ತೆ ಕಿಲೋಮೀಟರುಗಟ್ಟಲೆ ಜಾಮ್ ಆಗುತ್ತದೆ. 2025ರಲ್ಲಿ ಅಮೆರಿಕದ ಎಫ್-35 ಮತ್ತು ರಷ್ಯಾದ ಸು-57 ಒಟ್ಟಿಗೆ ಬಂದಾಗಂತೂ ಯಾವುದು ಕೊಳ್ಳೋಣ ಎಂದು ನಮ್ಮ ಟಿ.ವಿ.ಗಳು ವಾರಗಟ್ಟಲೆ ಪಂದ್ಯ ಕಟ್ಟಿದವು. ವೇಗ ಎಷ್ಟು, ಕ್ಷಿಪಣಿ ಎಷ್ಟು, ಯಾವುದು ಗೆಲ್ಲುತ್ತದೆ ಎಂಬ ಪ್ರಶ್ನೆಗಳೇ. ಒಂದು ಗಂಟೆ ಹಾರಿಸಲು ಎಷ್ಟು ಖರ್ಚು, ಟೈರ್ ಸವೆದರೆ ಯಾರನ್ನು ಕೇಳಬೇಕು ಎಂದು ಒಬ್ಬ ನಿರೂಪಕನೂ ಕೇಳಲಿಲ್ಲ. ಅದೇ ಊರಿನಲ್ಲಿ, 2021ರಲ್ಲಿ ಆರ್ಡರ್ ಕೊಟ್ಟ ಅಮೆರಿಕದ 99 ಜಿ.ಇ. ಎಂಜಿನ್‌ಗಳಲ್ಲಿ ಮೊದಲನೆಯದಕ್ಕಾಗಿ ನಮ್ಮದೇ ತೇಜಸ್ ಯುದ್ಧವಿಮಾನ 2025ರ ಮಾರ್ಚ್‌ವರೆಗೆ ಕಾದಿತ್ತು. ನೂರನಲವತ್ತು ಕೋಟಿ ಜನರ ದೇಶವೇ ಎಂಜಿನ್ನಿಗೆ ಹೀಗೆ ಕಾಯಬೇಕಾದರೆ ತೊಂಬತ್ತು ಲಕ್ಷ ಜನರ ದೇಶದ ಮಾತು ಯಾರು ಕೇಳುತ್ತಾರೆ? ರಕ್ಷಣೆಯ ಖರ್ಚಿನ ಬಗ್ಗೆ ಪ್ರಶ್ನೆ ಕೇಳಿದರೆ ದೇಶದ್ರೋಹಿ ಎನ್ನುವ ಚಾಳಿ ಇಲ್ಲಿಯೂ ಇದೆ, ಅಲ್ಲಿಯೂ ಇದೆ. ಆ ಚಾಳಿಯ ನೆರಳಲ್ಲೇ ಇಂಥ ಒಪ್ಪಂದಗಳು ಬೆಳೆಯುವುದು.

‘ಹಾಗಾದರೆ ಬೇರೆ ದಾರಿ ಯಾವುದಿತ್ತು?’ ಎಂದು ಕೇಳುತ್ತಾರೆ. ಜೆಕ್ ಗಣರಾಜ್ಯ ಮತ್ತು ಹಂಗೆರಿ ಸ್ವೀಡನ್ನಿನಿಂದ ತಲಾ 14 ಗ್ರಿಪೆನ್‌ಗಳನ್ನು ಬಾಡಿಗೆಗೆ ಪಡೆದು ಸುಮಾರು ಇಪ್ಪತ್ತು ವರ್ಷ ತಮ್ಮ ಆಕಾಶ ಕಾದಿವೆ. ಒಬ್ಬ ತಂತ್ರಜ್ಞ ಮತ್ತು ಕಡ್ಡಾಯ ಸೇವೆಗೆ ಬಂದ ಐವರು ಹುಡುಗರು ಸೇರಿ ಹತ್ತು ನಿಮಿಷದಲ್ಲಿ ಇಂಧನ, ಕ್ಷಿಪಣಿ ತುಂಬಿ ಮತ್ತೆ ಹಾರಲು ಬಿಡಬೇಕು ಎಂದು ಲೆಕ್ಕ ಹಾಕಿ ಕಟ್ಟಿದ ವಿಮಾನ ಅದು. ಅದರ ಎಂಜಿನ್ ಮೂಲವೂ ಅಮೆರಿಕವೇ, ಗೊತ್ತು. ಜೆಕ್ ಕೂಡ ಈಗ 24 ಎಫ್-35ಗೆ ಸಹಿ ಹಾಕಿದೆ, ಅದರ ಬಿಲ್ ಅವರ ಮಕ್ಕಳಿಗೆ ಬರುತ್ತದೆ. ನಾರ್ವೆ, ಫಿನ್ಲೆಂಡ್ ಕೊಂಡಿಲ್ಲವೇ ಎನ್ನುವವರು ನಕಾಶೆ ತೆಗೆದು ನೋಡಲಿ. ಅವರ ಗಡಿಯಾಚೆ ರಷ್ಯಾ ಇದೆ. ಸ್ವಿಟ್ಜರ್ಲೆಂಡಿನ ಗಡಿಯಾಚೆ ಆಸ್ಟ್ರಿಯಾ ಇದೆ. ಸುಮಾರು 41 ಸಾವಿರ ಚದರ ಕಿಲೋಮೀಟರಿನ ದೇಶದಲ್ಲಿ ದಾರಿ ತಪ್ಪಿದ ನಾಗರಿಕ ವಿಮಾನದ ಪಕ್ಕಕ್ಕೆ ಹೋಗಿ ರೆಕ್ಕೆ ಆಡಿಸಲು, ರೇಡಾರಿಗೆ ಕಾಣದ ವಿಮಾನ ಯಾಕೆ ಬೇಕು?

2025ರ ಆಗಸ್ಟ್‌ನಲ್ಲಿ ಅಮೆರಿಕ ಸ್ವಿಸ್ ಸರಕುಗಳ ಮೇಲೆ ಶೇ 39ರಷ್ಟು ಸುಂಕ ಹೇರಿತು. ಆಗಿನ ಸ್ವಿಸ್ ಅಧ್ಯಕ್ಷೆ ಕರಿನ್ ಕೆಲ್ಲರ್-ಸುಟ್ಟರ್ ವಾಷಿಂಗ್ಟನ್‌ಗೆ ಓಡಿದರು, ಟ್ರಂಪ್ ಅವರನ್ನು ಕಾಣಲಾಗದೆ ಹಿಂತಿರುಗಿದರು. ಅದಾದ ಒಂದೇ ವಾರದಲ್ಲಿ ಸರ್ಕಾರ, ನಿಗದಿತ ಬೆಲೆಯ ಹೋರಾಟ ಕೈಬಿಟ್ಟು ಖರೀದಿ ಮುಂದುವರಿಸುವುದಾಗಿ ಘೋಷಿಸಿತು. ಕಪಾಳಕ್ಕೆ ಹೊಡೆದವನ ಅಂಗಡಿಯಲ್ಲೇ ವ್ಯಾಪಾರ. ಡಿಸೆಂಬರ್‌ನಲ್ಲಿ ಬಂದ ಹೊಸ ತೀರ್ಮಾನದ ಪ್ರಕಾರ, 600 ಕೋಟಿಯ ಮಿತಿಯಲ್ಲಿ ಎಷ್ಟು ಬರುತ್ತವೋ ಅಷ್ಟೇ ವಿಮಾನ. ಅಂದರೆ 36 ಇಲ್ಲ. ದೇಶ ಕಾಯಲು 36 ಬೇಕೇ ಬೇಕು ಎಂದು ವಾದಿಸಿದವರೇ ಈಗ ಕಡಿಮೆಯಾದರೂ ನಡೆಯುತ್ತದೆ ಎನ್ನುತ್ತಿದ್ದಾರೆ. ಹಾಗಿದ್ದರೆ 36ರ ಲೆಕ್ಕ ಬಂದದ್ದು ಎಲ್ಲಿಂದ?

ವಿಮಾನಗಳು 2027ರಿಂದ ಬರತೊಡಗುತ್ತವೆ. ಅದಕ್ಕೆ ಮೊದಲು ಸ್ವಿಸ್ ಸರ್ಕಾರ ಇನ್ನೊಮ್ಮೆ ಜನರ ಮುಂದೆ ಹೋಗಲಿ. ಈ ಬಾರಿ ಮತಪತ್ರದಲ್ಲಿ ವಿಮಾನದ ಹೆಸರಿರಲಿ, ಸಂಖ್ಯೆ ಇರಲಿ, ಒಂದು ಗಂಟೆಯ ಹಾರಾಟಕ್ಕೆ ತಗಲುವ ಖರ್ಚು ಇರಲಿ, ಬಿಡಿಭಾಗದ ದಾಸ್ತಾನು ಯಾರ ಕೈಯಲ್ಲಿದೆ ಎಂಬುದೂ ಇರಲಿ. ಅಷ್ಟನ್ನು ಬರೆದು ಮತ ಕೇಳುವವರೆಗೆ ಈ ವಿಮಾನದ ಹೆಸರಿನಲ್ಲಿ ಇನ್ನೊಂದು ಫ್ರಾಂಕ್ ಎತ್ತುವ ಹಕ್ಕು ಬರ್ನ್‌ಗಿಲ್ಲ.