ನಮಗೆ ಸಾಹಸ, ಅವರಿಗೆ ದಿನಚರಿ

ಸರ್ಕಾರಿ ಸೇವೆಯ ಮೂರು ದಶಕಗಳಲ್ಲಿ ನಾನು ಹಳ್ಳಿಗಳನ್ನು ನೋಡಿದ್ದು ಹೆಚ್ಚಾಗಿ ಜೀಪಿನ ಮುಂದಿನ ಆಸನದಿಂದ. ಜೀಪು ಹೋಗದ ಊರಿಗೆ ನಾನೂ ಹೋಗಲಿಲ್ಲ. ನಿವೃತ್ತಿಯ ನಂತರ ಈ ಕೊರತೆಯನ್ನು ತುಂಬಿಕೊಳ್ಳುವ ಹಂಬಲ ಹುಟ್ಟಿತು. ಅರವತ್ತನಾಲ್ಕರ ವಯಸ್ಸಿನಲ್ಲಿ, ಮನೆಯವರ ಆಕ್ಷೇಪದ ನಡುವೆಯೇ, ಒಂದು ಚಳಿಗಾಲದ ಮುಂಜಾನೆ ಒಬ್ಬನೇ ಮೋಟರ್‌ಸೈಕಲ್ ಏರಿ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಒಳನಾಡಿಗೆ ಹೊರಟೆ.

ಡಾಂಬರು ಮುಗಿದ ಮೇಲೆ ಕೆಂಪು ಮಣ್ಣಿನ ದಾರಿ, ಅದು ಮುಗಿದ ಮೇಲೆ ಎತ್ತಿನಗಾಡಿಯ ಜಾಡು. ಅರಣ್ಯ ಇಲಾಖೆಯ ತನಿಖಾ ಠಾಣೆಯಲ್ಲಿ ಹೆಸರು ಬರೆಸಿ, ಊರಿನವರು ನಿತ್ಯ ಬಳಸುವ ಜಾಡನ್ನಷ್ಟೇ ಹಿಡಿದು ಸಾಗಿದೆ. ಆಳದ ಕೊರಕಲು, ಬೇರು, ಉರುಳುಗಲ್ಲು. ಹದಿನಾಲ್ಕು ಕಿಲೋಮೀಟರ್ ಕ್ರಮಿಸಲು ಎರಡೂವರೆ ಗಂಟೆ ಬೇಕಾಯಿತು. ಆಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಫೋನಿನ ಸಂಪರ್ಕವಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಗಮನವೆಲ್ಲ ಮುಂದಿನ ಹತ್ತು ಅಡಿ ನೆಲದ ಮೇಲೆ. ಇಂಥ ಏಕಾಗ್ರತೆ ನನಗೆ ಯಾವ ಕಡತವೂ ಕೊಟ್ಟಿರಲಿಲ್ಲ.

ಒಂದು ಹಳ್ಳ ದಾಟುವಾಗ ಪಾಚಿಗಲ್ಲಿನ ಮೇಲೆ ಚಕ್ರ ಜಾರಿತು. ಬೈಕ್ ಮಗುಚಿ ನನ್ನ ಎಡಗಾಲು ಅದರಡಿ ಸಿಕ್ಕಿಕೊಂಡಿತು. ಅರ್ಧ ಗಂಟೆಯ ಬಳಿಕ ಆ ದಾರಿಯಲ್ಲಿ ಬಂದ ಇಬ್ಬರು ಕುಣಬಿ ಯುವಕರು ನನ್ನನ್ನೂ ಬೈಕನ್ನೂ ಎತ್ತಿ ದಡ ಸೇರಿಸಿದರು. ಅವರ ಮನೆಯ ಜಗುಲಿಯಲ್ಲಿ ಕುಳಿತು ಬೆಲ್ಲದ ಚಹಾ ಕುಡಿಯುವಾಗ ಒಬ್ಬ ಕೇಳಿದ: ‘ಸಾಹೇಬರೇ, ಈ ಕೆಟ್ಟ ದಾರಿಗಾಗಿಯೇ ಅಷ್ಟು ದೂರದಿಂದ ಬಂದಿರಾ?’ ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಅಚ್ಚರಿಯಿತ್ತು. ಹಿಂದಿನ ಮಳೆಗಾಲದಲ್ಲಿ ಅದೇ ಹಳ್ಳ ದಾಟಿಸಿ, ಹೆರಿಗೆ ನೋವಿನಲ್ಲಿದ್ದ ಅತ್ತಿಗೆಯನ್ನು ಕಂಬಳಿಯ ಜೋಳಿಗೆಯಲ್ಲಿ ಹೊತ್ತೊಯ್ದದ್ದನ್ನು ಅವನು ಆಮೇಲೆ ಹೇಳಿದ.

ಅರ್ಥಶಾಸ್ತ್ರ ಓದಿದವರಿಗೆ ‘ಆಯ್ಕೆ’ ಎಂಬ ಪದ ಬಹಳ ಪ್ರಿಯ. ಒಂದೇ ದಾರಿಯಲ್ಲಿ, ಒಂದೇ ಹಳ್ಳದಲ್ಲಿ ನಾನು ಕಂಡದ್ದು ಸಾಹಸ, ಅವರು ಕಂಡದ್ದು ಸಂಕಟ. ನಾನು ಆ ಕಷ್ಟವನ್ನು ಹಣ ಖರ್ಚು ಮಾಡಿ ಪಡೆದೆ, ಬೇಡವೆನಿಸಿದ ದಿನ ಹಿಂದಿರುಗಿದೆ. ಅವರಿಗೆ ಹಿಂದಿರುಗಲು ಬೇರೆ ಊರಿಲ್ಲ. ದುರ್ಗಮ ದಾರಿಗಳ ಬೈಕ್ ಪಯಣ ಈಗ ನಗರದ ಯುವಕರ ಒಲವಾಗಿದೆ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹುಲ್ಲುಗಾವಲಿನ ಮೇಲೆ ಚಕ್ರ ಹರಿಸದೆ, ಊರಿನ ಜಾಡು ಬಿಡದೆ ಹೋಗುವವನು ನಾಲ್ಕು ಮನೆಗಳಿಗೆ ಒಂದಿಷ್ಟು ಆದಾಯವನ್ನೂ ತರಬಲ್ಲ. ಆದರೆ ಆ ದಾರಿಯ ಚೆಲುವನ್ನು ಕೊಂಡಾಡುವ ಮುನ್ನ ಅದು ಹಾಗೆಯೇ ಉಳಿದದ್ದೇಕೆ ಎಂದು ಕೇಳಬೇಕಲ್ಲವೇ?

ಉತ್ತರದ ಒಂದು ಭಾಗ ನನ್ನ ಕೈಬರಹದಲ್ಲೇ ಇದೆ. 2003ರ ಸುಮಾರಿಗೆ ಮಲೆನಾಡಿನ ಜಿಲ್ಲೆಯೊಂದರಲ್ಲಿದ್ದಾಗ ನಲವತ್ತೊಂದು ಮನೆಗಳ ಊರೊಂದಕ್ಕೆ ರಸ್ತೆ ಕೋರಿದ ಮನವಿ ನನ್ನ ಮೇಜಿಗೆ ಬಂದಿತ್ತು. 2000ದ ಡಿಸೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಪ್ರಕಾರ ಬಯಲು ಪ್ರದೇಶದಲ್ಲಿ 500, ಗುಡ್ಡಗಾಡು ರಾಜ್ಯಗಳಲ್ಲಿ 250 ಜನರಿರುವ ಜನವಸತಿಗೆ ಮಾತ್ರ ರಸ್ತೆ. ನಮ್ಮ ಮಲೆನಾಡು ಎಷ್ಟೇ ಕಡಿದಾಗಿದ್ದರೂ ಕರ್ನಾಟಕ ‘ಗುಡ್ಡಗಾಡು ರಾಜ್ಯ’ವಲ್ಲ. ಆ ಊರಿನಲ್ಲಿದ್ದವರು ಇನ್ನೂರು ಚಿಲ್ಲರೆ ಜನ. ‘ಮಾನದಂಡಕ್ಕೆ ಒಳಪಡುವುದಿಲ್ಲ’ ಎಂದು ಷರಾ ಬರೆದು ಕಡತ ಮುಗಿಸಿದೆ. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಆದರೆ ಆ ಊರನ್ನು ಒಮ್ಮೆಯೂ ನೋಡದೆ ಮಾಡಿದೆ.

ಈ ಯೋಜನೆ ದೇಶದ ಲಕ್ಷಾಂತರ ಹಳ್ಳಿಗರ ಬದುಕು ಬದಲಿಸಿದೆ ಎಂಬುದರಲ್ಲಿ ಎರಡು ಮಾತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಅದರ ನಾಲ್ಕನೆಯ ಹಂತಕ್ಕೆ ಒಪ್ಪಿಗೆ ನೀಡಿತು: 25,000 ಜನವಸತಿಗಳು, 62,500 ಕಿ.ಮೀ. ರಸ್ತೆ, 70,125 ಕೋಟಿ ರೂಪಾಯಿ. ಎಣಿಕೆಗೆ ಆಧಾರ 2011ರ ಜನಗಣತಿ. ಬಯಲಿನ ಮಿತಿ ಮಾತ್ರ ಅದೇ 500. ಗುಡ್ಡಕ್ಕೊಂದು ಮನೆ, ಕಣಿವೆಗೆ ಹತ್ತು ಮನೆಯಿರುವ ಸೀಮೆ ತಲೆಯೆಣಿಕೆಯ ಈ ಪರೀಕ್ಷೆಯಲ್ಲಿ ಸೋಲುವುದು ಸಹಜ.

ತಲೆಗಳನ್ನು ಎಣಿಸುವ ಈ ಲೆಕ್ಕ ಆ ಸೀಮೆಯ ಕೊಡುಗೆಯನ್ನು ಎಣಿಸುವುದಿಲ್ಲ. ಕಾಳಿ ನದಿ ಹುಟ್ಟುವುದು ಜೋಯಿಡಾ ತಾಲ್ಲೂಕಿನಲ್ಲಿ. ಸೂಪಾ ಅಣೆಕಟ್ಟೆಯ ಹಿನ್ನೀರಿಗೆ ಹಳೆಯ ಸೂಪಾ ಪಟ್ಟಣವನ್ನೇ ಬಿಟ್ಟುಕೊಟ್ಟ ಜನ ಇವರು. ಕಾಳಿಯ ವಿದ್ಯುತ್ತಿನಿಂದ ನಾಡು ಬೆಳಗುತ್ತಿದೆ. 2007ರಲ್ಲಿ ಇಲ್ಲಿನ ಕಾಡು ಹುಲಿ ಮೀಸಲು ಪ್ರದೇಶವಾಯಿತು. ಇವುಗಳ ಲಾಭ ಎಲ್ಲರಿಗೂ ಹಂಚಿಹೋಗಿದೆ, ವೆಚ್ಚ ಮಾತ್ರ ಇನ್ನೂರು ಚಿಲ್ಲರೆ ಜನರ ಹೆಗಲ ಮೇಲೆ ಉಳಿದಿದೆ.

ಕಾಡಿನೊಳಗೆ ರಸ್ತೆ ಬಂದರೆ ಅದರ ಹಿಂದೆಯೇ ಮರಗಳ್ಳರು, ರೆಸಾರ್ಟ್‌ಗಳು ಬರುತ್ತವೆ ಎಂಬ ಪರಿಸರವಾದಿಗಳ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಹೆದ್ದಾರಿ ಬೇಕೆಂದು ಅಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ಅವರು ಕೇಳುವುದು ಹಳ್ಳಕ್ಕೊಂದು ಗಟ್ಟಿ ಸೇತುವೆ, ಕಡಿದಾದ ಕಡೆ ಕಲ್ಲು ಹಾಸು, ಮಳೆಗಾಲದಲ್ಲೂ ಒಂದು ಜೀಪು ಹೋಗುವಷ್ಟು ಅಗಲ. 2006ರ ಅರಣ್ಯ ಹಕ್ಕು ಕಾಯ್ದೆಯ ಮೂರನೆಯ ಕಲಮು ಇದಕ್ಕೆ ಅವಕಾಶ ಕೊಟ್ಟಿದೆ: ಗ್ರಾಮಸಭೆಯ ಶಿಫಾರಸಿದ್ದರೆ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಿದ್ದರೆ, ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು ರಸ್ತೆಯಂಥ ಸೌಲಭ್ಯಕ್ಕೆ ಬಳಸಬಹುದು. ಮೂರು ಮೀಟರ್ ಅಗಲದ ದಾರಿಯಾದರೆ ಅದು ಸುಮಾರು ಮೂರು ಕಿಲೋಮೀಟರ್. ವನ್ಯಜೀವಿ ಕಾನೂನಿನ ಕಟ್ಟುಪಾಡುಗಳು ಬೇರೆ ಇವೆ, ನಿಜ. ಆದರೂ ಜನರಿಗೆ ಈ ಕಲಮನ್ನು ತಿಳಿಸಿ ಅರ್ಜಿ ಬರೆಸುವ ಕೆಲಸವನ್ನು ತಾಲ್ಲೂಕು ಆಡಳಿತ ತಾನಾಗಿಯೇ ಮಾಡಬಹುದು.

ತಡಮಾಡಿದರೆ ತೆರುವ ಬೆಲೆ ನಮಗೆ ಗೊತ್ತಿದೆ. 2022ರ ಆಗಸ್ಟ್‌ನಲ್ಲಿ ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿ ಕಾಲುಸಂಕದಿಂದ ಜಾರಿ ಹಳ್ಳದಲ್ಲಿ ಕೊಚ್ಚಿಹೋದಳು. ಆಮೇಲೆ ಕಾಲುಸಂಕಗಳ ಪಟ್ಟಿ ಮಾಡುವ ಮಾತು ಎಲ್ಲೆಡೆ ಕೇಳಿಬಂತು. ಪಟ್ಟಿ ಮಾಡಲು ನಮಗೆ ಒಂದು ಸಾವು ಬೇಕಾಯಿತೇ?

ರಸ್ತೆಯಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಪಶ್ಚಿಮ ಬಂಗಾಳದ ಜಲ್ಪಾಯ್‌ಗುರಿಯ ಚಹಾ ತೋಟದ ಕಾರ್ಮಿಕ ಕರೀಮುಲ್ ಹಕ್, ಆಂಬುಲೆನ್ಸ್ ಸಿಗದೆ ತಾಯಿಯನ್ನು ಕಳೆದುಕೊಂಡ ಮೇಲೆ ತನ್ನ ಬೈಕನ್ನೇ ಆಂಬುಲೆನ್ಸ್ ಮಾಡಿಕೊಂಡವರು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ನಮ್ಮ ರಾಜ್ಯವೂ 2015ರಲ್ಲಿ ಬೈಕ್ ಆಂಬುಲೆನ್ಸ್ ಆರಂಭಿಸಿತ್ತು, ಆದರೆ ಅದರ ಮುಖ್ಯ ಗುರಿ ನಗರದ ವಾಹನ ದಟ್ಟಣೆಯಾಗಿತ್ತು. ನಾನು ವಿಹಾರಕ್ಕೆ ಹೋದ ಜಾಡಿನಲ್ಲಿ ಒಬ್ಬ ತರಬೇತಾದ ಸ್ಥಳೀಯ ಯುವಕ ಔಷಧದ ಪೆಟ್ಟಿಗೆಯೊಡನೆ ಹೋಗಬಾರದೇಕೆ? ನನಗಿಂತ ಆ ದಾರಿ ಅವನಿಗೆ ಚೆನ್ನಾಗಿ ಗೊತ್ತು.

ಮರಳಿ ಬರುವಾಗ ಆ ಯುವಕರು ನನ್ನ ಬೈಕನ್ನು ಹಳ್ಳ ದಾಟಿಸಿಕೊಟ್ಟರು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ‘ಈ ದಾರಿ ಹೇಗಿದೆ ಎಂದು ದೊಡ್ಡವರಿಗೆ ಹೇಳಿ ಸಾಹೇಬರೇ’ ಎಂದರು. ಒಂದು ಕಾಲದಲ್ಲಿ ಆ ದೊಡ್ಡವರಲ್ಲಿ ನಾನೂ ಒಬ್ಬನಾಗಿದ್ದೆನೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇಲ್ಲಿ ಬರೆದಿದ್ದೇನೆ.