ಕದನ ನಿಲ್ಲುವ ಮೊದಲೇ ವಿಜಯಯಾತ್ರೆ

ಪಾಕಿಸ್ತಾನದ ವಿರುದ್ಧದ ಆಪರೇಷನ್ ಸಿಂಧೂರದ ವಿಜಯೋತ್ಸವ ಬೇಡ ಎಂದವನು ದೇಶದ್ರೋಹಿಯಂತೆ. ಇರಲಿ, ನನ್ನ ಹೆಸರೂ ಬರೆದುಕೊಳ್ಳಿ. ಆದರೆ ಒಮ್ಮೆ ಕ್ಯಾಲೆಂಡರ್ ತೆಗೆದು ನೋಡಿ. 2025ರ ಮೇ 9ರಂದು ನಮ್ಮ ರಾಜ್ಯದ ಕಾಂಗ್ರೆಸ್ ಸರ್ಕಾರ ಬೆಂಗಳೂರಿನ ಕೆ.ಆರ್. ವೃತ್ತದಿಂದ ತಿರಂಗಾ ಯಾತ್ರೆ ಹೊರಡಿಸಿತು. ಆ ರಾತ್ರಿಯೂ ಗಡಿಯ ಮೇಲೆ ಡ್ರೋನ್‌ಗಳು ಹಾರುತ್ತಿದ್ದವು. ಶೆಲ್ ದಾಳಿಗೆ ಸತ್ತವರನ್ನು ಪೂಂಚ್‌ನ ಜನ ಇನ್ನೂ ಎಣಿಸುತ್ತಿದ್ದರು. ಕದನ ನಿಂತದ್ದು ಮೇ 10ರ ಸಂಜೆ. ಮೆರವಣಿಗೆ ಮೊದಲು, ಕದನವಿರಾಮ ಆಮೇಲೆ! ಅದು ಸೈನಿಕರಿಗೆ ಬೆಂಬಲವಷ್ಟೇ ಎನ್ನುತ್ತಾರೆ. ಬೆಂಬಲಕ್ಕೆ ಇಷ್ಟೊಂದು ಕ್ಯಾಮೆರಾ ಯಾಕೆ ಬೇಕಿತ್ತೋ. ಮೆರವಣಿಗೆಯ ಚಟ ಎಲ್ಲಿಗೆ ಮುಟ್ಟುತ್ತದೆ ಎನ್ನುವುದನ್ನು ಜೂನ್ 4ರಂದು ಕ್ರಿಕೆಟ್ ವಿಜಯೋತ್ಸವದ ನೂಕುನುಗ್ಗಲಿನಲ್ಲಿ, ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನಲ್ಲಿ 11 ಜೀವ ತೆತ್ತು ನೋಡಿದೆವು.

ಇನ್ನು ಬಿಜೆಪಿ. ಮೇ 12ರ ರಾತ್ರಿ ಪ್ರಧಾನಿಯೇ ಟಿ.ವಿ.ಯಲ್ಲಿ ಕುಳಿತು ಕಾರ್ಯಾಚರಣೆಯನ್ನು ತಡೆಹಿಡಿದಿದ್ದೇವೆ ಅಷ್ಟೇ, ಮುಗಿದಿಲ್ಲ ಎಂದರು. ಬೆಳಗಾಗುತ್ತಲೇ ಅವರದೇ ಪಕ್ಷ ದೇಶದುದ್ದಕ್ಕೂ ಹತ್ತು ದಿನದ ಯಾತ್ರೆಗೆ ಹೊರಟಿತು. ಗೆಲುವು ಎಂದರೆ 1971ರ ಡಿಸೆಂಬರ್ 16. ಢಾಕಾದಲ್ಲಿ ಮೇಜು ಹಾಕಿ ಶರಣಾಗತಿಗೆ ಸಹಿ ಮಾಡಿಸಿಕೊಂಡರು, 93,000 ಮಂದಿ ಸೆರೆಯಾದರು. ಈ ಸಲ ಸಹಿ ಎಲ್ಲಿದೆ? ಗಡಿಯಾಚೆಯವರೂ ಮೇ 16ರಂದು ಹಬ್ಬ ಮಾಡಿದರು, ಆಮೇಲೆ ತಮ್ಮ ಸೇನಾ ಮುಖ್ಯಸ್ಥನಿಗೆ ಫೀಲ್ಡ್ ಮಾರ್ಷಲ್ ಪಟ್ಟ ಕಟ್ಟಿದರು. ಇಬ್ಬರೂ ಗೆದ್ದ ಯುದ್ಧ, ಕದನವಿರಾಮದ ಹೆಗ್ಗಳಿಕೆ ಮಾತ್ರ ಟ್ರಂಪ್‌ಗೆ! ಇಲ್ಲಿ ಡೊಳ್ಳು ಬಾರಿಸುತ್ತಿದ್ದಾಗಲೇ ಏಳು ಸರ್ವಪಕ್ಷ ನಿಯೋಗಗಳು ದೇಶ ದೇಶಗಳ ಬಾಗಿಲು ತಟ್ಟಿ ನಮ್ಮ ಮಾತು ಕೇಳಿ ಎನ್ನಬೇಕಾಯಿತು. ಗೆದ್ದಾಯಿತಲ್ಲ, ಮತ್ತೇನು ಕೇಳಬೇಕು ಎಂದು ಅವರು ತಿರುಗಿ ಕೇಳಿದರೆ ಉತ್ತರ ಏನಿತ್ತು?

ನಮ್ಮ ಶಿರಸಿ-ಸಿದ್ದಾಪುರದ ದೇಶಭಕ್ತರು ಪಾಕಿಸ್ತಾನದ ಪರ ನಿಂತ ಟರ್ಕಿಯ ಸೇಬು ತಿನ್ನಬೇಡಿ ಎಂದು ವಾಟ್ಸ್ಯಾಪ್ ತುಂಬಿಸಿದರು. ಸಿದ್ದಾಪುರದ ಸಂತೆಯಲ್ಲಿ ಟರ್ಕಿ ಸೇಬು ಕಂಡವರು ಯಾರು ಸ್ವಾಮಿ? ನಮ್ಮ ಅಂಗಳಕ್ಕೆ ಬರುವ ವಿದೇಶಾಂಗ ನೀತಿ ಬೇರೆಯೇ ಇದೆ. 2022ರ ಸೆಪ್ಟೆಂಬರಿನಲ್ಲಿ ಕೇಂದ್ರವು ಭೂತಾನದಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಕಟ್ಟಿಲ್ಲದೆ ತರಿಸಲು ಒಪ್ಪಿತು. ನೆರೆರಾಷ್ಟ್ರದ ಸ್ನೇಹಕ್ಕೆ ಬೆಲೆ ತೆರುವವನು ಚಾಲಿ ಅಡಿಕೆ ಒಣಗಿಸುವ ನಮ್ಮ ತೋಟಿಗ. ಅದಕ್ಕೆ ತಹಶೀಲ್ದಾರರ ಕೈಗೊಂದು ಮನವಿ ಪತ್ರ ಕೊಟ್ಟರೆ ಮುಗಿಯಿತು, ಬೈಕ್ ರ‍್ಯಾಲಿಯ ಮಾತೇ ಇಲ್ಲ.

ಶಿವಮೊಗ್ಗದವರೊಬ್ಬರು ಪಹಲ್ಗಾಮಿನ ಉಗ್ರರ ದಾಳಿಯಲ್ಲಿ ಹೆಂಡತಿ ಮಗನ ಎದುರೇ ಗುಂಡಿಗೆ ಬಲಿಯಾದರು. ಹೊಡೆದದ್ದಕ್ಕೆ ತಿರುಗೇಟು ಕೊಟ್ಟದ್ದು ಸರಿಯೇ. ನನ್ನ ಸಿಟ್ಟು, ಚಹಾದಂಗಡಿಯ ಬೆಂಚಿನಲ್ಲಿ ಕುಳಿತು 'ಲಾಹೋರಿಗೇ ನುಗ್ಗಿಬಿಡಬೇಕಿತ್ತು' ಎನ್ನುವವರ ಮೇಲೆ. ಯುದ್ಧ ಹಬ್ಬಿದ್ದರೆ ನಮ್ಮ ಅಂಗಳವೂ ಗುರಿಯಾಗಬಹುದಿತ್ತು. ಯಲ್ಲಾಪುರದಿಂದ ಘಟ್ಟ ಇಳಿದರೆ ಕೈಗಾ: 220 ಮೆಗಾವಾಟ್‌ನ ನಾಲ್ಕು ಅಣುಸ್ಥಾವರಗಳು. ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಭಾರತ-ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಒಪ್ಪಂದಕ್ಕೆ ಸಹಿ ಹಾಕಿವೆ. 1992ರಿಂದ ಪ್ರತಿ ಜನವರಿ 1ಕ್ಕೆ ಎರಡೂ ಕಡೆಯ ಅಧಿಕಾರಿಗಳು ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತಾರೆ. ಕಾರ್ಗಿಲ್ ಆದ ಮೇಲೂ, ಮುಂಬೈ ದಾಳಿಯಾದ ಮೇಲೂ ಅದು ತಪ್ಪಲಿಲ್ಲ. ಕಾಳಿ ಕಣಿವೆಯ ಜನ ನೆಮ್ಮದಿಯಿಂದ ಮಲಗುವುದರಲ್ಲಿ ಆ ಕಾಗದದ ಪಾಲೂ ಇದೆ. ಶತ್ರುವಿನ ಜೊತೆ ಎಂಥಾ ಮಾತು ಎಂದು ಮೈಕ್ ಮುಂದೆ ಗುಡುಗುವ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಭಾಷಣಕಾರರಲ್ಲಿ ಈ ಒಪ್ಪಂದವೊಂದಿದೆ ಎಂದು ಗೊತ್ತಿರುವವರು ಎಷ್ಟು ಮಂದಿ, ಕೈ ಎತ್ತಲಿ.